ಪ್ರಸಂಗದ ಹೊತ್ತಿಗೆ ಹೊರಟ ಚೀಲ

ಹಿರೇಬೆಂಡಿಗೇರಿ, ತಾ. ಶಿಗ್ಗಾಂವಿ
ಸೋಮವಾರ, ೧೮ ಆಗಸ್ಟ್ ೧೯೫೮

ಪ್ರೀತಿಯ ತಮ್ಮ ಇನ್ನಾಸಪ್ಪನಿಗೆ ನಿನ್ನ ಅಕ್ಕ ಕತ್ರೀನವ್ವನ ಆಶೀರ್ವಾದಗಳು. ಯೇಸುವಿಗೆ ಸ್ತೋತ್ರ.

ಮೊದಲು ನಿನ್ನ ಮೈ ಹೇಗಿದೆ ಹೇಳು. ಸಂಜೆಯ ಜ್ವರ ಬಿಟ್ಟಿತೇ? ಕೆಮ್ಮಿದಾಗ ಎದೆ ನೋಯುವುದು ಕಡಿಮೆಯಾಯಿತೇ? ಸೂಜಿ ಚುಚ್ಚಿದಲ್ಲಿ ಬಾವು ಬಂದಿದೆ ಎಂದು ಬರೆದಿದ್ದೆ, ಅದು ಇಳಿಯಿತೇ? ಮಿರಜಿನ ದವಾಖಾನೆಯಲ್ಲಿ ದಿನಾ ತತ್ತಿ, ಹಾಲು ಕೊಡುತ್ತಾರಂತೆ. ಅದನ್ನು ಪಕ್ಕದ ಮಂಚದವನಿಗೆ ದಾನ ಮಾಡಬೇಡ, ನೀನೇ ತಿನ್ನು. ನಿನ್ನ ಗುಣ ನನಗೆ ಗೊತ್ತಿದೆ. ಇಲ್ಲಿ ನಾನು, ನಿನ್ನ ಹೆಂಡತಿ ಹೊಳೆವ್ವ, ಮಕ್ಕಳಿಬ್ಬರು ಎಲ್ಲರೂ ಆರಾಮ. ಲೂಸಿಯ ಮುಂದಿನ ಹಲ್ಲು ಬಿದ್ದಿದೆ. ಬೀಸುವ ಮೊದಲು ಬಡವರಿಗೆಂದು ಗಡಿಗೆಗೆ ಹಾಕುವ ಹಿಡಿಜೋಳವನ್ನು ಹೊಳೆವ್ವ ಈಚೆಗೆ ಲೂಸಿಯ ಕೈಯಿಂದಲೇ ಹಾಕಿಸುವ ರೂಢಿ ಮಾಡಿದ್ದಾಳೆ. ಮಗು ಈಗಿನಿಂದಲೇ ಕೊಡುವುದನ್ನು ಕಲಿಯಲಿ ಎನ್ನುತ್ತಾಳೆ. ಕಲಿಯಲಿ ಬಿಡು.

ಇನ್ನು ನಿನ್ನ ಪತ್ರದ ವಿಷಯ. ಅದನ್ನು ಓದಿ ನನ್ನ ಮೈಯೆಲ್ಲ ಉರಿಯಿತು. ಡಾಕ್ಟರ್ ಸಾಹೇಬರು ಡಿಸೆಂಬರಿನ ನಾತಾಳ ಹಬ್ಬದ ತನಕ ಇರು ಎಂದಿದ್ದಾರೆ, ನೀನು ಈ ತಿಂಗಳ ಕೊನೆಗೆ ಹೊರಟು ಬರುತ್ತೀಯಂತೆ. ಯಾಕೆ? "ನಾನು ಇಲ್ಲಿ ಕುಂತು ಉಣ್ಣಾಕತ್ತೇನಿ, ಮನ್ಯಾಗ ನೀವು ಏನು ಉಣ್ಣಾಕತ್ತೀರೋ ಗೊತ್ತಿಲ್ಲ." ಎಷ್ಟು ದೊಡ್ಡ ಮನಸ್ಸಪ್ಪಾ ನಿನ್ನದು! ಅಕ್ಕಿಆಲೂರಿನ ಅಕ್ಕಿ ಗಿರಣಿಯ ಹೂವಪ್ಪನೂ ಹೀಗೆಯೇ ಮೂರು ತಿಂಗಳು ಮೊದಲು ಎದ್ದು ಬಂದಿದ್ದ. ಅವನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ನೀನೂ ಒಬ್ಬ. ಮನೆಯಲ್ಲಿ ಜೋಳ ಇದೆ ಎಂದು ಹೋದ ಪತ್ರದಲ್ಲೇ ಬರೆದಿದ್ದೆ. ನೀನು ನಂಬಲಿಲ್ಲ. ಈಗಲೂ ಬರಿದೇ ಬರೆದರೆ ನಂಬುವುದಿಲ್ಲ. ಅದಕ್ಕೇ ಒಂದು ಚೀಲದ ಕಥೆಯನ್ನು ಪೂರ್ತಿ ಬರೆಯುತ್ತೇನೆ. ಕೊನೆಯ ತನಕ ಓದು, ಟ್ರಂಕು ಕಟ್ಟುವುದು ಆಮೇಲೆ. ಈ ಕಥೆಯಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು. ಉಳಿದರ್ಧವನ್ನು ಮೊದಲು ಬಾಯಿಬಿಟ್ಟವಳು ಮುದುಕಿ ಯಂಕವ್ವ, ಮೊನ್ನೆ ಶುಕ್ರವಾರ ಮರಿಯಮ್ಮನ ಸ್ವರ್ಗಾರೋಹಣದ ಹಬ್ಬದ ಮಧ್ಯಾಹ್ನ, ನಮ್ಮ ಕಟ್ಟೆಯ ಮೇಲೆ ಕೂತು, ಒಂದು ಕೈಯಲ್ಲಿ ಜಪಸರ ಇನ್ನೊಂದು ಕೈಯಲ್ಲಿ ಎಲೆ ಅಡಿಕೆ ಹಿಡಿದು.

ಎಲ್ಲದಕ್ಕೂ ಮೂಲ ನಿನ್ನ ಪದ್ಧತಿ. ಮನೆಮನೆಯ ಹಿಡಿಜೋಳ ಕೂಡಿಸಿ, ಇಲ್ಲದವರ ಮನೆಗೆ ಚೀಲ ಕಟ್ಟಿ ಕೊಡುವುದು ನಮ್ಮ ಅಪ್ಪನ ಕಾಲದಿಂದಲೂ ಇತ್ತು. ಅಪ್ಪ ಹಗಲಿನಲ್ಲೇ ಹೊತ್ತುಕೊಂಡು ಹೋಗಿ ಬಾಗಿಲಲ್ಲಿ ಇಳಿಸಿ, ನೀರು ಕುಡಿದು ಬರುತ್ತಿದ್ದ. ನೀನು ಚರ್ಚಿನ ಉಪದೇಶಿಯಾದ ಮೇಲೆ, ಕೊಡುವ ಕೈ ಯಾರಿಗೂ ಕಾಣಬಾರದು ಎಂದು ಹೊಸ ಕಾಯಿದೆ ತಂದೆ. ರವಿವಾರದ ಪೂಜೆಗೆ ಊರಿನ ನಮ್ಮ ಮಂದಿಯೆಲ್ಲ ಚರ್ಚಿನೊಳಗೆ ಇರುತ್ತಾರೆ, ಮನೆಗಳಿಗೆ ಬರೀ ಚಿಲಕ. ಸ್ವಾಮಿಗಳು ಬೈಬಲ್ ಬಿಡಿಸಿ ಹೇಳುವ ಪ್ರಸಂಗ ಶುರು ಮಾಡಿದ ಕೂಡಲೇ ಹಿಂಬಾಗಿಲಿನಿಂದ ನೀನು ನುಸುಳಬೇಕು, ಚೀಲವನ್ನು ಆ ಮನೆಯ ಕದದ ಹಿಂದೆ ಇಟ್ಟು, ಪ್ರಸಂಗ ಮುಗಿಯುವುದರೊಳಗೆ ಬಂದು ಮೊಣಕಾಲೂರಬೇಕು. ತೆಗೆದುಕೊಂಡವರು ಬರಿದಾದ ಚೀಲವನ್ನು ಸುಮ್ಮನೆ ಹಿಡಿಜೋಳ ಕೂಡಿಸಿಡುವ ಕಾಳಿನ ಕೋಣೆಯ ಹೊರಗೆ ಎಸೆದು ಹೋಗಬೇಕು. ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ನೀನು ದವಾಖಾನೆಗೆ ಹೋಗುವಾಗ ಆ ಕೋಣೆಯ ಬೀಗದ ಕೈಯನ್ನು ನನ್ನ ಸೊಂಟಕ್ಕೆ ಸಿಕ್ಕಿಸಿ ಹೋದೆ. ಐವತ್ತು ದಾಟಿದ ಹೆಂಗಸು ನಾನು, ತಲೆಯ ಮೇಲೆ ಇಪ್ಪತ್ತು ಸೇರು ಹೊತ್ತು ಪ್ರಸಂಗದ ನಡುವೆ ಕಳ್ಳಿಯ ಹಾಗೆ ಓಡಬೇಕು. ಯಾರ ಪುಣ್ಯಕ್ಕೆ?

ಹಬ್ಬದ ದಿನ ಯಾರ ಒಲೆಯೂ ತಣ್ಣಗಿರಬಾರದಲ್ಲ, ಅದಕ್ಕೆ ಜುಲೈ ಕೊನೆಯ ವಾರ ಸ್ವಾಮಿಗಳು ನನ್ನನ್ನು ಕರೆದು ಈ ಸಲ ಯಾರಿಗೆ ಎಂದು ಕೇಳಿದರು. ಹುಚ್ಚಪ್ಪನ ಹಿತ್ತಲ ಗೋಡೆ ಮಳೆಗೆ ಬಿದ್ದು, ಕೂಡಿಟ್ಟ ಕಾಳೆಲ್ಲ ನೆನೆದು ಮೊಳಕೆ ಒಡೆದಿತ್ತು. ಅವನ ಹೆಸರು ಹೇಳಿದೆ. ಜುಲೈ ಇಪ್ಪತ್ತೇಳರ ರವಿವಾರ, ಸ್ವಾಮಿಗಳು ದಾರಿ ತಪ್ಪಿದ ಮಗನ ಕಥೆಯಲ್ಲಿ ಹಂದಿ ಕಾಯುವಲ್ಲಿಗೆ ಬಂದಾಗ ನಾನು ಎದ್ದೆ. ನಿನ್ನ ಹಳೆಯ ನೀಲಿ ಕೋಟಿನ ತೇಪೆ ಹಾಕಿದ್ದೆನಲ್ಲ, ಅದೇ ಚೀಲ. ಇಟ್ಟು ಬಂದಾಗ ಕಥೆಯ ಮಗ ಇನ್ನೂ ಮನೆ ಮುಟ್ಟಿರಲಿಲ್ಲ.

ಮರುದಿನ ಬಾವಿಯ ಹತ್ತಿರ ಹುಚ್ಚಪ್ಪನ ಹೆಂಡತಿ ದುರಗವ್ವನ ಮುಖ ನೋಡಬೇಕಿತ್ತು. "ಯಾರೋ ನಮ್ಮನ್ನ ಭಿಕ್ಷಾ ಬೇಡೂ ಮಂದಿ ಅಂತ ತಿಳಕೊಂಡಾರ ಕತ್ರೀನಕ್ಕ. ಗ್ವಾಡಿ ಬಿದ್ದೈತಿ ಖರೇ, ಮಾನ ಬಿದ್ದಿಲ್ಲ" ಎಂದು ಹಗ್ಗವನ್ನು ಜಗ್ಗಿದ ರಭಸಕ್ಕೆ ಕೊಡ ಬಾವಿಯ ಕಲ್ಲಿಗೆ ಬಡಿದು ನೆಗ್ಗಿತು. ನಿನ್ನ ಕಾಯಿದೆ ನನ್ನ ಬಾಯಿ ಕಟ್ಟಿತ್ತು. "ಹೌದೇನ?" ಎಂದು ನನ್ನ ಕೊಡ ಎತ್ತಿಕೊಂಡು ಬಂದೆ.

ಮುಂದಿನ ರವಿವಾರ ಪ್ರಸಂಗ ಶುರುವಾದ ಕೂಡಲೇ ಹುಚ್ಚಪ್ಪ ಹೊಟ್ಟೆ ಹಿಡಿದುಕೊಂಡು ಎದ್ದು ಹೋದ. ಬರುವಾಗ ಹೆಗಲ ಮೇಲೆ ಗೋಣಿಯ ನಾರು ಅಂಟಿತ್ತು, ಹೊಟ್ಟೆನೋವು ಮಾತ್ರ ಇರಲಿಲ್ಲ. ಅದರ ಮುಂದಿನ ರವಿವಾರ ಎದ್ದವಳು ಯಂಕವ್ವ! ನಲವತ್ತು ವರ್ಷದಲ್ಲಿ ಒಮ್ಮೆಯೂ ಪೂಜೆ ಮುಗಿಯುವ ಮೊದಲು ಹೊಸ್ತಿಲು ದಾಟದವಳು, "ಒಲಿ ಮ್ಯಾಲೆ ಹಾಲ ಇಟ್ಟು ಬಂದೇನಿ" ಎಂದು ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿ ಹೋದಳು. ಅವಳ ಮನೆಯಲ್ಲಿ ಹಸುವಿಲ್ಲ, ಎಮ್ಮೆಯಿಲ್ಲ, ಒಂದು ಆಡೂ ಇಲ್ಲ. ಆ ದಿನ ಪೂಜೆಯಾದ ಮೇಲೆ ಸ್ವಾಮಿಗಳು ನನ್ನನ್ನು ಕರೆದು, ಪಾಪ, ಬಹಳ ಸಣ್ಣ ದನಿಯಲ್ಲಿ ಕೇಳಿದರು: "ಕತ್ರೀನವ್ವ, ನನ್ನ ಕನ್ನಡ ಅಷ್ಟು ಕೆಟ್ಟದಾಗಿದೆಯೇ? ಪ್ರತಿ ರವಿವಾರ ಒಬ್ಬೊಬ್ಬರು ಎದ್ದು ಹೋಗುತ್ತಿದ್ದಾರೆ." ಗೋವೆಯ ಕಡೆಯವರು, ಎರಡು ವರ್ಷದಿಂದ ಕಷ್ಟಪಟ್ಟು ಕಲಿಯುತ್ತಿದ್ದಾರೆ. ಮೊದಲು ಎದ್ದು ಹೋದವಳು ನಾನೇ ಎಂದು ಅವರಿಗೆ ಗೊತ್ತು, ಉಳಿದವರದ್ದು ಗೊತ್ತಿಲ್ಲ. ನನಗೂ ಪೂರ್ತಿ ಗೊತ್ತಿರಲಿಲ್ಲ. ಮುಂದಿನ ಪ್ರಸಂಗವನ್ನು ಸಣ್ಣದು ಮಾಡುತ್ತೇನೆ ಎಂದರು. ಮಾಡಿಯೇಬಿಟ್ಟರು. ಹಬ್ಬದ ದಿನ ಪ್ರಸಂಗ ಏಳೇ ನಿಮಿಷ. ಮಂದಿ ಗಾಬರಿಯಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹೀಗೆ ಎಲ್ಲರೂ ಅವತ್ತು ಬೇಗ ಹೊರಗೆ ಬಂದು ಅಂಗಳದಲ್ಲಿ ನಿಂತಿದ್ದಾಗಲೇ ಹಾಜರಾಬಿ ಬಂದಳು. ನಮ್ಮ ಹಿತ್ತಲಿಗೂ ಯಂಕವ್ವನ ಹಿತ್ತಲಿಗೂ ನಡುವೆ ಮನೆ ಇರುವ ಪಿಂಜಾರ ಖಾದರಸಾಬನ ತಾಯಿ. ಮಗ ಅರಳೆ ಹಿಂಜುವ ಬಿಲ್ಲು ಹೊತ್ತು ಗಾದಿ ಹೊಲಿಯುವ ಕೆಲಸಕ್ಕೆ ಸವಣೂರಿಗೆ ಹೋಗಿ ತಿಂಗಳಾಗಿದೆ. ತಲೆಯ ಮೇಲೆ ನನ್ನ ಚೀಲ, ನೀಲಿ ತೇಪೆ ಎಲ್ಲರಿಗೂ ಕಾಣುವ ಹಾಗೆ. ಮಂದಿಯ ನಡುವೆಯೇ ಹಾದು, ಚರ್ಚಿನ ಎದುರಿನ ನಮ್ಮ ಕಟ್ಟೆಯ ಮೇಲೆ ಅದನ್ನು ಧೊಪ್ಪೆಂದು ಇಳಿಸಿ, "ನಿಮ್ಮ ಗುಡಿ ಚೀಲ ದಾರಿ ತಪ್ಪಿ ನಮ್ಮ ಮನಿಗೆ ಬಂದಿತ್ತು ನೋಡವಾ ಕತ್ರೀನಾ. ಮುಟ್ಟೂ ಕಡೆ ಮುಟ್ಟಲಿ ಅಂತ ನಾನ ಹೊತ್ತು ತಂದೆ" ಎಂದಳು.

"ಅಯ್ಯ, ಅದು ಯಂಕವ್ವನ ಮನ್ಯಾಗ ಇರಬೇಕಲ್ಲ!" ದುರಗವ್ವನ ಬಾಯಿಂದ ಬಂದುಬಿಟ್ಟಿತು.

"ನಿನಗ ಹ್ಯಾಂಗ ಗೊತ್ತಾತ ಅದು?" ಎಂದು ಯಂಕವ್ವ ತಿರುಗಿ ನಿಂತಳು. ಹುಚ್ಚಪ್ಪ ಮತ್ತೆ ಹೊಟ್ಟೆ ಹಿಡಿದುಕೊಂಡ. ಈ ಸಲ ಖರೇನೇ ನೋವು ಬಂದಿರಬೇಕು.

ಮಧ್ಯಾಹ್ನ ಹೆಂಗಸರೆಲ್ಲ ಕಟ್ಟೆಗೆ ಬಂದು ಕೂತ ಮೇಲೆ ಒಂದೊಂದೇ ಎಳೆ ಹೊರಬಿತ್ತು. ದುರಗವ್ವನಿಗೆ ತನಗಿಂತ ಯಂಕವ್ವ ಬಡವಳು ಅನ್ನಿಸಿದೆ, ಗಂಡನ ಹೆಗಲ ಮೇಲೆ ಹೊರಿಸಿ ಕಳಿಸಿದ್ದಾಳೆ. ಯಂಕವ್ವನಿಗೆ ಅಭಿಮಾನ, "ನಲವತ್ತು ವರ್ಷ ಹಿಡಿ ಹಾಕಿದಾಕಿ ನಾನು, ಚೀಲ ಇಸಗೊಳ್ಳಾಕಿ ಅಲ್ಲ!" ಮುದುಕಿಗೆ ಎತ್ತಲು ಆಗಿಲ್ಲ, ತನ್ನ ಹಿತ್ತಲಿನಿಂದ ಹಾಜರಾಬಿಯ ಹಿತ್ತಲಿಗೆ ಎಳೆದುಕೊಂಡು ಹೋಗಿದ್ದಾಳೆ. ಹಾಜರಾಬಿ ನೀರಿಗೆ ಹೋಗಿ ಬರುವಷ್ಟರಲ್ಲಿ ಒಳಗೆ ಚೀಲ, ಹೊರಗೆ ಕೆಸರಿನಲ್ಲಿ ಯಂಕವ್ವನ ಬಾಗಿಲ ತನಕ ಬಂಡಿಯ ಜಾಡಿನಂಥ ಗುರುತು! ಕೊಡುವ ಕೈ ಕಾಣಬಾರದು ಎಂದೆಯಲ್ಲ, ನೋಡು.

ನನಗೆ ಸಿಟ್ಟು ಬಂದದ್ದು ಇದಕ್ಕಲ್ಲ. ಚೀಲದ ಬಾಯಿ ಬಿಚ್ಚಿ ಅಳೆದು ನೋಡಿದೆ. ನಾನು ತುಂಬಿದ್ದು ಇಪ್ಪತ್ತು ಸೇರು ಜೋಳ. ಈಗ ಇಪ್ಪತ್ನಾಲ್ಕು. ದುರಗವ್ವ, "ಮಂದಿ ಜ್ವಾಳಾನ ಮಂದಿಗೆ ದಾಟಸೂ ಮುಂದ ನಮ್ಮದೂ ಒಂದೀಟು ಇರಲಿ ಅಂತ" ಹೆಸರುಕಾಳು ಹಾಕಿದ್ದಾಳೆ. ಮನೆಯಲ್ಲಿ ಮೊಳಕೆಯೊಡೆಯದೆ ಉಳಿದದ್ದು ಅದೊಂದೇ ಆಗಿತ್ತು. ಯಂಕವ್ವ ನವಣೆ ಹಾಕಿದ್ದಾಳೆ. ಹಾಜರಾಬಿ ಅಕ್ಕಿ. ಜೋಳ, ಹೆಸರು, ನವಣೆ, ಅಕ್ಕಿ, ನಾಲ್ಕೂ ಕೂಡಿ ಕೋಳಿಗೆ ಚೆಲ್ಲುವುದಕ್ಕೆ ಮಾತ್ರ ಲಾಯಕ್ಕಾಗಿತ್ತು. ಕೊಟ್ಟವರು ಕೊಟ್ಟು ಪುಣ್ಯ ಕಟ್ಟಿಕೊಂಡರು, ಕಣ್ಣು ಸರಿಯಾಗಿ ಕಾಣದ ನಾನು ಅದನ್ನೆಲ್ಲ ಆರಿಸುತ್ತ ಕೂಡಬೇಕು! ಕಟ್ಟೆಯ ಮೇಲೆ ಕೂತವರಿಗೆಲ್ಲ ಬಾಯಿಗೆ ಬಂದ ಹಾಗೆ ಬೈದೆ. ನಿನ್ನನ್ನೂ ಸೇರಿಸಿಯೇ ಬೈದೆ, ಮಿರಜಿನ ತನಕ ಕೇಳಿಸಿರಬೇಕು.

ಮರುದಿನ ಶನಿವಾರ, ಬೆಳಗಿನ ಗಂಟೆ ಹೊಡೆಯುವ ಮೊದಲೇ ಯಂಕವ್ವ ಜರಡಿ ಹಿಡಿದು ಬಂದಳು. ಅವಳ ಹಿಂದೆ ದುರಗವ್ವ ಮೊರ ಹಿಡಿದು ಬಂದಳು. ಹಾಜರಾಬಿ ಬರಿಗೈಯಲ್ಲಿ ಬಂದು, "ನನಗ ಕಣ್ಣ ಅದಾವು, ಸಾಕು" ಎಂದು ನಡುವೆ ಕೂತಳು. ಒಬ್ಬರ ಬಾಯಿಗೂ ಬಿಡುವಿರಲಿಲ್ಲ. ನವಣೆ ಹಾಕಿದವಳಿಗೆ ಬುದ್ಧಿ ಇಲ್ಲ ಎಂದು ಇವಳು, ಹೆಸರು ಹಾಕಿದವಳಿಗೆ ಹೊಟ್ಟೆಕಿಚ್ಚು ಎಂದು ಅವಳು, ಹೊತ್ತು ಏರುವುದರೊಳಗೆ ನಾಲ್ಕು ಕಾಳಿಗೆ ನಾಲ್ಕು ಗುಂಪು ಮಾಡಿಟ್ಟು ಎದ್ದರು. ಮಂದಿ ಎದ್ದು ಹೋದದ್ದು ಚೀಲಕ್ಕಾಗಿ ಎಂದು ತಿಳಿದ ಸ್ವಾಮಿಗಳ ಮುಖ ಅರಳಿತು. ನಿನ್ನೆ ರವಿವಾರದ ಪ್ರಸಂಗ ಪೂರಾ ಮುಕ್ಕಾಲು ಗಂಟೆ. ಒಬ್ಬರಾದರೂ ಏಳಬೇಕಲ್ಲ!

ಎಲ್ಲರೂ ನಿನಗೆ ನೆನಪು ಹೇಳಿದ್ದಾರೆ. ಹೊಳೆವ್ವ ಬೇರೆ ಪತ್ರ ಬರೆಯುತ್ತಾಳಂತೆ, ಅಕ್ಷರ ಕೂಡಿಸಲು ಅವಳಿಗೆ ವಾರ ಬೇಕು. ಮರಿಯಮ್ಮ ನಿನ್ನ ಎದೆಯ ಮೇಲೆ ಕೈಯಿಟ್ಟು ಕಾಯಲಿ. ರಾತ್ರಿ ಕಿವಿ ಮುಚ್ಚಿಕೊಂಡು ಮಲಗು, ಅಲ್ಲಿಯ ಗಾಳಿ ತಂಪಂತೆ.

ನಿನ್ನ ಅಕ್ಕ,
ಕತ್ರೀನವ್ವ

ತಾ. ಕ.: ಟಪಾಲಿನವನು ಸೈಕಲ್ ಮೇಲೆ ಒಂದು ಕಾಲಿಟ್ಟುಕೊಂಡು ನಿಂತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಹೋದ ಪತ್ರದಲ್ಲಿ ಮನೆಯಲ್ಲಿ ಜೋಳ ಇದೆ ಎಂದದ್ದು ಸುಳ್ಳು. ಜುಲೈನಲ್ಲಿ ಸ್ವಾಮಿಗಳು ನಿಮ್ಮ ಮನೆಗೇನಾದರೂ ಬೇಕೇ ಎಂದು ಕೇಳಿದಾಗಲೂ, "ಎಲ್ಲಾ ಐತ್ರಿ" ಎಂದೆ. ಕಾಳಿನ ಕೋಣೆಯ ಬೀಗದ ಕೈಯನ್ನು ಸೊಂಟದಲ್ಲಿಟ್ಟುಕೊಂಡು ನಿನ್ನ ಮಕ್ಕಳಿಗೆ ಹನ್ನೊಂದು ದಿನ ನುಚ್ಚಿನ ಗಂಜಿ, ಹಿತ್ತಲ ಸೊಪ್ಪು ಹಾಕಿದೆ. ಲೂಸಿಯ ಕೈಯಿಂದ ಹಿಡಿ ಹಾಕಿಸಿದ್ದು ಅವಳ ಹಿಡಿ ಸಣ್ಣದು ಎಂದು. ಚೀಲ ದಾರಿ ತಪ್ಪಿತ್ತು ಎಂದು ಮಂದಿಯ ಮುಂದೆ ಹೇಳಿದ ಹಾಜರಾಬಿ, ಇಳಿಸುವಾಗ ನನ್ನ ಕಿವಿಯಲ್ಲಿ ಹೇಳಿದ್ದು ಬೇರೆ: "ಹನ್ನೊಂದು ದಿನ ಆತು, ನಿಮ್ಮ ಬೀಸೂ ಕಲ್ಲಿನ ಸಪ್ಪಳ ಕೇಳಿಲ್ಲ ನಾನು. ಇದು ನಿಮ್ಮ ಮನಿಗೇ ಬಂದದ್ದು, ಸುಮ್ಮನ ಇಟಗೋ." ಉಳಿದಿಬ್ಬರಿಗೂ ಅವಳೇ ಹೇಳಿರಬೇಕು, ಶನಿವಾರ ಆ ಮೂವರೂ ಆರಿಸಿಕೊಟ್ಟದ್ದು ನಮಗೆಂದೇ. ಅವರು ಎದ್ದು ಹೋಗುವ ಮೊದಲೇ ಹೊಳೆವ್ವ ಬೀಸಲು ಕೂತಳು, ನಾನು ತಡೆಯಲಿಲ್ಲ. ಮಕ್ಕಳು ಎರಡೆರಡು ರೊಟ್ಟಿ ತಿಂದರು. ಸುಗ್ಗಿಯ ತನಕ ಪ್ರತಿ ತಿಂಗಳ ಚೀಲಕ್ಕೆ ನಮ್ಮ ಮನೆಯ ಹೆಸರನ್ನು ನಿನ್ನೆ ನಾನೇ ಸ್ವಾಮಿಗಳಿಗೆ ಹೇಳಿದೆ, ಚರ್ಚಿನ ಅಂಗಳದಲ್ಲಿ, ಹುಚ್ಚಪ್ಪ, ದುರಗವ್ವ, ಯಂಕವ್ವ ಎಲ್ಲರ ಎದುರಿಗೆ. ಮನೆಯಲ್ಲಿ ಜೋಳ ಇದೆ ಇನ್ನಾಸ, ಈ ಸಲ ಖರೇನೇ ಇದೆ. ಡಾಕ್ಟರ್ ಸಾಹೇಬರು ಹೋಗು ಎನ್ನುವುದಕ್ಕಿಂತ ಒಂದು ದಿನ ಮೊದಲು ಬಂದೆಯೋ, ನಾನು ಕದ ತೆಗೆಯುವುದಿಲ್ಲ.