ಶಿವಲೀಲಾಳಿಗೆ ಹಾಕಿದ ಕಟ್ಟು

ನವೆಂಬರ್ ೧೨, ಬುಧವಾರ. ಯಲಹಂಕ.

ಗಂಟಲು ಇನ್ನೂ ಉರಿಯುತ್ತಿದೆ. ಗರ್ಜನೆಯೆಂದರೆ ಅದು! ನನ್ನ ಕಥಾಮಂಡಳಿಯಲ್ಲಿ ಮಕ್ಕಳಿಗೆ ಕಥೆ ಹೇಳುತ್ತಿದ್ದ ಶಿವಲೀಲಾ, ಮಂಡಳಿ ಬಿಟ್ಟ ತಿಂಗಳಿಗೇ ಕೊಡಿಗೇಹಳ್ಳಿಯ ಶಾಲೆಯೊಂದರಲ್ಲಿ ಸ್ವಂತವಾಗಿ ಕಥೆ ಹೇಳಲು ಒಪ್ಪಿಕೊಂಡಿದ್ದಳು. ಕರೆಸಿದೆ. ಕರಾರುಪತ್ರ ಎತ್ತಿ ಹಿಡಿದೆ.

“ಬಿಟ್ಟ ಮೇಲೆ ಒಂದು ವರ್ಷ ಈ ಊರಲ್ಲಿ ಎಲ್ಲೂ ಕಥೆ ಹೇಳಂಗಿಲ್ಲ ಅಂತ ಸೈನ್ ಹಾಕಿದ್ಯಲ್ಲಮ್ಮಾ?”

“ಪಿಎಫ್ ಕೇಳಿದಾಗ ‘ನೀ ನೌಕರಳಲ್ಲ, ಕಾಂಟ್ರಾಕ್ಟ್ ಮ್ಯಾಲೆ ಬಂದಾಕಿ’ ಅಂದ್ರಿ. ಈಗ ಹೆಂಗ ಕಟ್ಟಿ ಹಾಕ್ತೀರಿ ಸರ?”

ಭಲೆ, ಅವಳ ಬಾಣ ಗುರಿಗೇ ತಾಗಿತು. ಈ ಷರತ್ತು ನೌಕರರ ಮೇಲೇ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಗುತ್ತಿಗೆಯವರ ಮೇಲೆ ಹೇಗೆ ನಿಲ್ಲುತ್ತದೆ ಎಂದು ನನ್ನ ವಕೀಲರೇ ನಕ್ಕಿದ್ದರು. ಅದು ಅವಳಿಗೇನು ಗೊತ್ತು? “ಕೋರ್ಟಿಗೆ ಎಳೀತೀನಿ!” ಎಂದು ನಾಟಕದ ರಾಜಪಾರ್ಟಿನ ದನಿ ತೆಗೆದೆ. ಆ ದನಿಯೆದುರು ಕಾನೂನು ಯಾವ ಲೆಕ್ಕ! ಅವಳು ಅಲ್ಲೇ ನಿಂತು ಶಾಲೆಗೆ ಫೋನ್ ಮಾಡಿ, ಬರಲಾಗುವುದಿಲ್ಲ ಎಂದಳು.

ಬಾಗಿಲ ಬಳಿ ತಿರುಗಿದಳು. “ಮನ್ಯಾಗ ನನ್ನ ಮಗಳಿಗೆ ಕಥಿ ಹೇಳಬಹುದಲ್ರಿ ಸರ?”

ವ್ಯಂಗ್ಯವೇನೋ ಎಂದು ಮುಖ ನೋಡಿದೆ. ಅಲ್ಲ, ನಿಜವಾಗಿಯೂ ಕೇಳುತ್ತಿದ್ದಳು.

“ಯೋಚನೆ ಮಾಡಿ ಹೇಳ್ತೀನಿ” ಎಂದೆ.