ಕಿಟಕಿ ಪಕ್ಕದ ಕುರ್ಚಿ

೮ ಸೆಪ್ಟೆಂಬರ್ ೨೦೨೫, ಬೆಳಿಗ್ಗೆ

ಚಹಾ ಆಯ್ತು. ಪೇಪರ್ ಇನ್ನೂ ಬಂದಿಲ್ಲ. ಬೋರ್ಡ್ ಮೀಟಿಂಗಿಗೆ ಆ ಖಾಸಗಿ ಯೂನಿವರ್ಸಿಟಿಯ ಕಾರು ಹತ್ತಕ್ಕೆ ಬರುತ್ತದಂತೆ. ಕಾರವಾರದಿಂದ ಅಂಕೋಲೆಗೆ ಬೇಕಾದಷ್ಟು ಬಸ್ಸಿದೆ ಎಂದರೆ ಅವರ ಆಫೀಸಿನವರು ಕೇಳಲಿಲ್ಲ. "ನೀವು ಬೋರ್ಡ್ ಮೆಂಬರ್, ಮೇಡಂ!" ರಿಟೈರ್ ಆದ ಮೇಲೆ ನನಗೆಂದು ಕಾರು ಬರುತ್ತಿರುವುದು ಇದೇ ಮೊದಲು. ಖುಷಿಯಾಗಿದೆ, ಸುಳ್ಳೇಕೆ ಹೇಳಲಿ. ಒಳ್ಳೆ ಸೀರೆ ಉಟ್ಟಿದ್ದೇನೆ. ಚೆನ್ನಾಗಿದೆ ಅನ್ನಲು ಮನೆಯಲ್ಲಿ ಯಾರೂ ಇಲ್ಲ...

ಅದೇ ದಿನ, ಸಂಜೆ

ಎಂಥ ಮೀಟಿಂಗ್ ಹಾಲ್! ಏಸಿಗೆ ಸೆರಗು ಹೊದ್ದು ಕೂತೆ. ಗಾಜಿನಾಚೆ ನಾನು ಹುಟ್ಟಿದ ಹಾರವಾಡದ ಸಮುದ್ರ. ಅಲ್ಲಿಂದ ನೋಡಿದರೆ ಅದೂ ಅವರದ್ದೇ ಅನ್ನಿಸುತ್ತದೆ. ನಿವೃತ್ತ ಜಡ್ಜ್, ಆಡಿಟರ್, ಇನ್ನೂ ಯಾರಾರೋ. ನಾನು "ಸ್ಥಳೀಯ ಪ್ರತಿನಿಧಿ". ಅಧ್ಯಕ್ಷರು ಕುಲಪತಿ. ಆದರೆ ಅವರ ಕಣ್ಣು ಮಾತಿಗೊಮ್ಮೆ ಕಿಟಕಿ ಪಕ್ಕಕ್ಕೆ ಹೋಗುತ್ತದೆ. ಅಲ್ಲಿ ರವಿಕಿರಣ, ಸಂಸ್ಥಾಪಕರ ಅಳಿಯ. ಮೆಂಬರ್ ಅಲ್ಲ, ಓಟಿಲ್ಲ, ಬರೀ "ವಿಶೇಷ ಆಹ್ವಾನಿತರು". ಮೊಬೈಲ್ ನೋಡುತ್ತ ಕೂತಿರುತ್ತಾನೆ. ತಲೆ ಎತ್ತದಿದ್ದರೆ ವಿಷಯ ಪಾಸ್. ಎತ್ತಿದರೆ ಮುಂದಿನ ಸಭೆಗೆ. ಜಡ್ಜ್ ಸಾಹೇಬರೇ ಎದ್ದು ಹೋಗಿ ಅವನಿಗೆ ನಮಸ್ಕಾರ ಮಾಡಿದರು.

೨೦ ಸೆಪ್ಟೆಂಬರ್, ಶನಿವಾರ

ಹಾರವಾಡಕ್ಕೆ ಹೋಗಿದ್ದೆ. ಅಣ್ಣ ತೀರಿಕೊಂಡ ಮೇಲೂ ಅತ್ತಿಗೆ, ಮಾದೇವಿ ವೈನಿ ಮನೆಯೇ ನನ್ನ ತವರು. ಊರ ಹೆಂಗಸರೆಲ್ಲ ಬಂದರು. ಗಾಳಿಮರದ ತೋಪನ್ನು ಯೂನಿವರ್ಸಿಟಿ ಕೊಂಡಿದೆಯಲ್ಲ, ಅದರ ನಡುವಿನ ಕಾಲುದಾರಿ ಮುಚ್ಚಿ ಗೋಡೆ ಕಟ್ಟುತ್ತಾರಂತೆ. ಮೀನುಬುಟ್ಟಿ ಹೊತ್ತು ಹೈವೇಗೆ ಹೋಗಲು ಇವರಿಗಿರುವುದು ಅದೊಂದೇ ಹತ್ತಿರದ ದಾರಿ.

"ಸುತ್ತು ಹಾಕಿ ಹೋಗೂದ್ರೊಳಗೆ ಅಂಕೋಲೆ ಪ್ಯಾಟೆ ಮುಗೀತದೆ," ಅಂದಳು ವೈನಿ. "ಆದ್ರೂ ನೀ ಬೋರ್ಡಿನಾಗೆ ಇದ್ದಿಯಲ್ಲೆ ಜಯಂತಿ, ನಮಗೆಂತ ಹೆದರಿಕೆ?"

ಎದೆ ಉಬ್ಬಿಸಿಕೊಂಡು ಬಂದೆ.

೧೩ ಅಕ್ಟೋಬರ್

ಏನು ಮಾಡಿಬಿಟ್ಟೆ!

ನಮ್ಮೂರಲ್ಲಿ ಹಿರಿಯರು ಕೂತು ಮಾತಾಡುವಾಗ, ಒಪ್ಪಿದವರು ಬಾಯಿ ಬಿಟ್ಟು ಒಪ್ಪಿಗೆ ಹೇಳಬೇಕು. ಒಪ್ಪದವರು ಸುಮ್ಮನೆ ಕೂರುತ್ತಾರೆ. ಒಬ್ಬರು ಸುಮ್ಮನಿದ್ದರೂ ಸಾಕು, "ನಿಂದೆಂತ?" ಎಂದು ಕೇಳದೆ ಮಾತು ಮುಂದೆ ಹೋಗುವಂತಿಲ್ಲ. ತಾನಾಗಿ ಮೇಲೆ ಬಿದ್ದು ಬೇಡ ಅಂದರೆ ಸೊಕ್ಕು ಅನ್ನುತ್ತಾರೆ.

ಇವತ್ತು ಬೋರ್ಡ್ ಮೀಟಿಂಗಿನಲ್ಲಿ ದಾರಿಯ ವಿಷಯ ಬಂತು. ತುಟಿ ಬಿಗಿದು ಕೂತೆ. ಕೇಳುತ್ತಾರೆಂದು ಕಾದೆ. ಹೇಳಬೇಕಾದ್ದೆಲ್ಲ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಕುಲಪತಿ ಕಿಟಕಿಯತ್ತ ನೋಡಿದರು. ರವಿಕಿರಣ ತಲೆ ಎತ್ತಲಿಲ್ಲ. "ಯಾರದ್ದೂ ತಕರಾರಿಲ್ಲ. ಸರ್ವಾನುಮತ. ನೆಕ್ಸ್ಟ್!" ನಾನು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಹಾಸ್ಟೆಲ್ ಮೆಸ್ಸಿನ ಚರ್ಚೆ ನಡೆದಿತ್ತು. ಇಷ್ಟು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು... ನಾಚಿಕೆಯಾಗುತ್ತಿದೆ.

೧೭ ಅಕ್ಟೋಬರ್

ವೈನಿ ಕೊನೆಗೂ ಫೋನ್ ಎತ್ತಿದಳು.

"ನೀನೂ ಒಪ್ಪಿದಿ ಅಂತೆ. ಪೇಪರ್ನಾಗೆ ಬಂದದೆ."

ಒಪ್ಪಲಿಲ್ಲ ವೈನಿ, ಸುಮ್ಮನಿದ್ದೆ ಅಂದೆ.

"ಮತ್ತೆ ಅವ್ರು ಕೇಳ್ಲಿಲ್ವನೆ?"

ಇಲ್ಲ ಅಂದರೆ ನಂಬಲಿಲ್ಲ. ಅಷ್ಟು ಓದಿದ ದೊಡ್ಡ ಜನ ಕೇಳದೇ ಇರುತ್ತಾರೆಯೇ? ಫೋನ್ ಇಟ್ಟುಬಿಟ್ಟಳು.

೨೪ ಅಕ್ಟೋಬರ್

ದೀಪಾವಳಿ ಕಳೆಯಿತು. ಹಾರವಾಡದಿಂದ ಕರೆ ಬರಲಿಲ್ಲ. ಒಬ್ಬಳೇ ದೀಪ ಹಚ್ಚಿದೆ. ಇವತ್ತು ಕಾರವಾರದ ಮೀನು ಮಾರ್ಕೆಟಿನಲ್ಲಿ ನಮ್ಮೂರ ನಾಗಶ್ರೀ ಕಂಡಳು. ನನ್ನನ್ನು ನೋಡಿದ್ದೇ ಬುಟ್ಟಿ ಮೇಲೆ ಬಟ್ಟೆ ಎಳೆದು "ಖಾಲಿ" ಅಂದಳು. ಬಂಗಡೆ ಬಾಲ ಕಾಣುತ್ತಿತ್ತು. ಬರಿಗೈಲಿ ಬಂದೆ. ಮೊಸರನ್ನ.

೧೭ ನವೆಂಬರ್

ಮೀಟಿಂಗ್. ಎದ್ದು ನಿಂತೆ. ದಾರಿ ಮುಚ್ಚಲು ನನ್ನ ಒಪ್ಪಿಗೆ ಇಲ್ಲ, ಹಿಂದೆಯೂ ಇರಲಿಲ್ಲ ಎಂದೆ. ಮಾತಾಡುತ್ತಿದ್ದವಳು ನಾನು, ಎಲ್ಲರೂ ನೋಡಿದ್ದು ಕಿಟಕಿ ಕಡೆ. ರವಿಕಿರಣ ಮೊಬೈಲ್ ಕೆಳಗಿಟ್ಟ.

"ಮೇಡಂ ವಿರೋಧ ದಾಖಲಾಗ್ಲಿ. ಅವರ ಹಕ್ಕು."

ತುಂಬ ಮರ್ಯಾದೆಯಿಂದಲೇ ಅಂದ. ಗೋಡೆ ಮಾತ್ರ ಏಳುತ್ತಲೇ ಇದೆ. ವಾಪಸ್ ಬರಲು ಕಾರಿರಲಿಲ್ಲ. ಬಸ್ಸಿನಲ್ಲಿ ಪಕ್ಕದವಳಿಗಾದರೂ ಹೇಳೋಣ ಅನ್ನಿಸಿತು. ಅವಳು ನಿದ್ದೆ ಹೋಗಿದ್ದಳು.

೭ ಡಿಸೆಂಬರ್, ಭಾನುವಾರ

ವೈನಿ ಬಂದಳು! ಹೇಳದೆ ಕೇಳದೆ, ಡಬ್ಬಿ ತುಂಬ ಹುರಿದ ಮೀನು ಹಿಡಿದುಕೊಂಡು. ಬಾಗಿಲಲ್ಲೇ ಅತ್ತುಬಿಟ್ಟೆ. ಅವಳೇ ಒಳಗೆ ಹೋಗಿ ಅನ್ನಕ್ಕಿಟ್ಟಳು.

"ನಮ್ಮ ಮಗಳು ಪ್ರಗತಿಗೆ ಆ ಯೂನಿವರ್ಸಿಟಿ ಆಫೀಸಿನಾಗೆ ಒಂದು ಕೆಲಸಕ್ಕೆ ಹೇಳೆ."

ಅಲ್ಲಿ ನನ್ನ ಮಾತು ನಡೆಯುವುದಿಲ್ಲ ಅಂದೆ. ನಕ್ಕಳು.

"ಬೋರ್ಡಿನವಳೇ ಹಿಂಗಂದ್ರೆ?"

ಇದಕ್ಕೇ ಬಂದಳು ಅನ್ನಿಸಿತು. ಆಗಲ್ಲ ಅಂದರೆ ಮತ್ತೆ ಈ ಕಡೆ ಬರುವುದಿಲ್ಲ. ಹಿತ್ತಲಿಗೆ ಹೋಗಿ ರವಿಕಿರಣನಿಗೆ ಫೋನ್ ಮಾಡಿದೆ.

"ನಿಮ್ಮ ಮಗಳಿದ್ದಂಗೆ ಅಲ್ವಾ ಮೇಡಂ? ನಾಳೆಯೇ ಕಳಿಸಿ." ಹಾಗೇ ಸೇರಿಸಿದ — "ಆ ವಿರೋಧ ಒಂದು ವಾಪಸ್ ತಗೊಂಡ್ರೆ ಚೆನ್ನಾಗಿತ್ತು."

ಒಳಗೆ ವೈನಿ ತಟ್ಟೆ ಹಾಕುವ ಸದ್ದು. ಎರಡು ತಟ್ಟೆ.

ತಗೊಂಡೆ ಅಂದೆ. ಹೇಗೂ ಗೋಡೆ ಏಳುತ್ತಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬೋರ್ಡ್ ಸೆಕ್ರೆಟರಿಯನ್ನೂ ಲೈನಿಗೆ ತಗೊಂಡು, ಅವರ ಮುಂದೆಯೂ ನನ್ನಿಂದ ಹೇಳಿಸಿದ.

ಎದುರುಬದುರು ಕೂತು ಉಂಡೆವು. ವೈನಿ ಮೀನಿನ ಮುಳ್ಳು ಬಿಡಿಸುತ್ತ ಅಂದಳು — "ನಾವು ಕೋರ್ಟಿಗೆ ಹೋಗೀವೆ. ನಿನ್ನ ವಿರೋಧ ಒಂದು ಉಂಟಲ್ಲ, ಪೇಪರ್ನಾಗೆ ಬಂದದ್ದು, ಅದ್ರ ಮೇಲೇ ಗೋಡೆ ನಿಲ್ಲಿಸೂಕೆ ಆಗ್ತದೆ ಅಂದ್ರು ವಕೀಲ್ರು. ಊರವ್ರೆಲ್ಲ ನಿನ್ನ ಕರ್ಕೊಂಡೇ ಬಾ ಅಂದಾರೆ. ಕೆಲ್ಸದ್ದು ಆದ್ರೆ ಆಯ್ತು, ಇಲ್ದಿದ್ರೆ ಇಲ್ಲ. ಉಂಡು ಹೊರಡು."

ವೈನಿ, ನಾನು ಈಗಷ್ಟೇ ಅದನ್ನ ವಾಪಸ್ ತಗೊಂಡೆ ಅಂತ ಹೇಳಲು ಬಾಯಿ ತೆರೆದೆ; ಅವಳು ಮುಳ್ಳು ಬಿಡಿಸಿದ ಮೀನು ನನ್ನ ತಟ್ಟೆಗೆ ಹಾಕಿದಳು.