ಒಂದು ಬಾಗಿಲುವಾಡ, ಎರಡು ಮನೆ

ಅರಸೀಕೆರೆ
೧೩-೩-೧೯೩೯, ಸೋಮವಾರ

ಪ್ರೀತಿಯ ಅಣ್ಣಯ್ಯ,

ನಿಮ್ಮ ತಂಗಿ ರುದ್ರಮ್ಮನ ಶರಣು. ನಿಮ್ಮ ಕೆಮ್ಮು ಇಳಿಯಿತೇ? ಬೀರೂರು ಸ್ಟೇಷನ್ನಿನಲ್ಲಿ ದಿನವೆಲ್ಲಾ ಇಂಜಿನ್ ಹೊಗೆ ಕುಡಿದರೆ ಹೇಗೆ ಇಳಿದೀತು, ಮೆಣಸಿನ ಕಷಾಯ ತಪ್ಪಿಸಬೇಡಿ. ಅತ್ತಿಗೆಯ ಮಂಡಿನೋವು ಹೇಗಿದೆ? ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಕೈ ಬರುತ್ತಿಲ್ಲ.

ಮಾವನವರು ಹೋದ ಮೇಲೆ ಹಳೇ ಮನೆ ಕೆಡವಿ, ಅಣ್ಣತಮ್ಮಂದಿರು ಜಾಗ ಹಂಚಿಕೊಂಡದ್ದು ನಿಮಗೆ ಗೊತ್ತು. ಈಗ ನಮ್ಮ ಮನೆಯವರೂ ಭಾವ ದೇವೀರಪ್ಪನವರೂ ಮಗ್ಗುಲು ಮಗ್ಗುಲಲ್ಲೇ ಮನೆ ಕಟ್ಟುತ್ತಿದ್ದಾರೆ. ಕಟ್ಟುತ್ತಿದ್ದಾರೆ ಎನ್ನುವುದಕ್ಕಿಂತ ಕಾದಾಡುತ್ತಿದ್ದಾರೆ ಎನ್ನಿ. ಭಾವ ಗೋಡೆಯನ್ನು ಒಂದು ಮೊಳ ಏರಿಸಿದರೆ ಇವರು ಒಂದೂವರೆ ಮೊಳ. ಬೆಳಿಗ್ಗೆ ಅವರ ರಾಶಿಯಲ್ಲಿದ್ದ ಇಟ್ಟಿಗೆ ಮಧ್ಯಾಹ್ನಕ್ಕೆ ನಮ್ಮ ಗೋಡೆಯಲ್ಲಿ, ನಮ್ಮ ಏಣಿ ಅವರ ಅಟ್ಟಣೆಯಲ್ಲಿ. ಅತ್ತೆ, ವಾರಗಿತ್ತಿ ವಿಶಾಲಕ್ಕ, ನಾನು ಐದು ತಿಂಗಳಿಂದ ಗರಿಯ ಚಪ್ಪರದಡಿ ಒಂದೇ ಒಲೆಯಲ್ಲಿ ಬೇಯಿಸುತ್ತಿದ್ದೇವೆ.

ಹೋದ ಬುಧವಾರ ಎಲ್ಲರೂ ಟೆಂಟ್ ಸಿನಿಮಾಗೆ ಹೋಗಿದ್ದೆವು. ಕಥೆಗೆ ಮೊದಲು ಒಂದು ತುಂಡು ಚಿತ್ರ ಬಿಟ್ಟರು. ಬರೆದ ಗೊಂಬೆಗಳೇ ಓಡಾಡುತ್ತವೆ, ಅಣ್ಣಯ್ಯ! ಇಬ್ಬರು ಪಕ್ಕಪಕ್ಕ ಮನೆ ಕಟ್ಟುತ್ತಾರೆ, ಒಬ್ಬನ ಹಲಗೆ ಇನ್ನೊಬ್ಬ ಕದಿಯುತ್ತಾನೆ, ಗಾರೆಯ ಬಕೆಟ್ಟು ತಲೆಗೆ, ಸುತ್ತಿಗೆ ಕಾಲಿಗೆ, ಕೊನೆಗೆ ಎರಡು ಮನೆಯೂ ಧೊಪ್ಪನೆ ಬೀಳುತ್ತವೆ. ಟೆಂಟಿಗೆ ಟೆಂಟೇ ನಕ್ಕಿತು. ಇವರಿಬ್ಬರೂ ಕಣ್ಣೀರು ಬರುವಂತೆ ನಕ್ಕರು. ವಿಶಾಲಕ್ಕ ನನ್ನ ತೊಡೆ ಚಿವುಟಿದಳು, ಇನ್ನು ಬುದ್ಧಿ ಬರುತ್ತದೆ ಎಂದು.

ಬರಲಿಲ್ಲ. ದಾರಿಯಲ್ಲೇ ಭಾವ, "ಆ ಹಲಗೆ ಕಳ್ಳ ಥೇಟ್ ನಿನ್ನಂಗೇ ಇದ್ದ ಕಣ್ಲಾ" ಎಂದರು. ಇವರು, "ಬಕೀಟು ತಲೆಗಾಕ್ಕಂಡೋನು ಯಾರಂಗಿದ್ದ, ಅದ್ನೂ ಹೇಳು" ಎಂದರು.

ನಿನ್ನೆ ಮಾವನವರ ಕಾಲದ ಸಾಗುವಾನಿ ಬಾಗಿಲುವಾಡಕ್ಕೆ ಇಬ್ಬರೂ ಕೈ ಹಾಕಿದರು. ಇರುವುದು ಒಂದೇ. ಆ ತುದಿ ಅವರು, ಈ ತುದಿ ಇವರು, ಎತ್ತಿನಂತೆ ಎಳೆದರು. ಬಾಗಿಲುವಾಡ ಅಟ್ಟಣೆಗೆ ಬಡಿಯಿತು, ಅಟ್ಟಣೆ ಗೋಡೆಗೆ ಒರಗಿತು, ಹಸಿ ಗೋಡೆ ಎರಡೂ ಕುಸಿದವು. ಗೋಡೆಯ ಮಗ್ಗುಲಲ್ಲೇ ಮಲಗಿದ್ದ ಅತ್ತೆ ಆಗಷ್ಟೇ ನೀರು ಕುಡಿಯಲು ಎದ್ದು ಬಂದಿದ್ದರು. ಅವರ ಮಂಚ ಮಣ್ಣಿನಡಿ ಪುಡಿಯಾಯಿತು. ಇವರಿಬ್ಬರು ಮಣ್ಣಿನಿಂದ ತಲೆ ಎತ್ತಿದ್ದೇ ಹೇಳಿದ್ದೇನು ಗೊತ್ತೇ? "ನಿಂದೇ ಮೊದ್ಲು ಬಿದ್ದಿದ್ದು!"

ಅತ್ತೆ ಅಳಲಿಲ್ಲ, ಬೈಯಲೂ ಇಲ್ಲ. ಸೆರಗಿನ ಧೂಳು ಕೊಡವಿ, "ಕಟ್ಕಳಿ ಮಕ್ಳಾ, ನಾನು ಯಾರ ಮನೇಗೂ ಬರಾಕಿಲ್ಲ" ಎಂದರು. ಇಬ್ಬರೂ ಈ ದಿನ ಮತ್ತೆ ಮಣ್ಣು ಕಲೆಸುತ್ತಿದ್ದಾರೆ, ಬೇರೆ ಬೇರೆ ಗುಂಡಿಯಲ್ಲಿ.

ಅತ್ತಿಗೆಗೆ ನನ್ನ ನೆನಪು ಹೇಳಿ, ಮಕ್ಕಳ ತಲೆ ನೇವರಿಸಿ.

ನಿಮ್ಮ ತಂಗಿ
ರುದ್ರಮ್ಮ

ಮರೆತ ಮಾತು: ಗುರುವಾರ ಮಧ್ಯಾಹ್ನದ ರೈಲಿಗೆ ಸ್ಟೇಷನ್ನಿನಲ್ಲೇ ಇರಿ. ನಾನೊಬ್ಬಳೇ ಅಲ್ಲ, ವಿಶಾಲಕ್ಕ, ಅತ್ತೆ ಮೂವರೂ ಬರುತ್ತಿದ್ದೇವೆ. ಗಂಡಸರಿಗೆ ಇನ್ನೂ ಹೇಳಿಲ್ಲ. ಕರೆಯಲು ಒಬ್ಬರೇ ಬಂದರೆ ನೀರು ಕೊಟ್ಟು ಕಳಿಸಿಬಿಡಿ. ಇಬ್ಬರೂ ಒಟ್ಟಿಗೆ ಬಂದರೆ ಮಾತ್ರ ನಮ್ಮನ್ನು ಕೂಗಿ.